ದೊಡ್ಡವ್ವ ನಿನ್ನೆ ಅಂದ ಮಾತು

ಮೊನ್ನೆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಿದೆ, ಒಳಗಿಂದ ಒಂದು ಚೀಟಿ ಉದುರಿತು. ಮಳೆ ಬಂದಿತ್ತು ಅಂತ ತಿಳಿಯಬೇಡಿ. ನಮ್ಮ ಹೊಸಪೇಟೆ ಕಡೆ ಕೊಡೆ ಇರುವುದು ಬಿಸಿಲಿಗೆ. ಎರಡು ಬೆರಳಗಲದ ಚೀಟಿ, ಡ್ರಾಯಿಂಗ್ ಹಾಳೆ ಕತ್ತರಿಸಿ ಮಾಡಿದ್ದು. ಅದರ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ 'ನೆಲವು' ಅಂತ ಇತ್ತು. ಕೆಳಗೆ ಸಣ್ಣಗೆ, 'ಹೇಳಿದವರು: ಟೀಚರ್ ದೊಡ್ಡವ್ವ.' ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಬಸ್ಸು ಬಂತು, ಸೀಟು ಹೋಯಿತು. ನಿಂತುಕೊಂಡೇ ಆ ಚೀಟಿಯ ಕಥೆಯನ್ನೆಲ್ಲ ಮತ್ತೊಮ್ಮೆ ನೆನೆದೆ.

ನಾನು ಕುರೆಕುಪ್ಪದ ಆಚೆ ಒಂದು ಸಣ್ಣ ಶಾಲೆಯಲ್ಲಿ ಟೀಚರು. ಒಂದು, ಎರಡು, ಮೂರನೆಯ ಇಯತ್ತೆ ಮೂರೂ ನನ್ನವೇ, ಒಂದೇ ಕೋಣೆಯಲ್ಲಿ. ಒಟ್ಟು ಇಪ್ಪತ್ಮೂರು ಮಕ್ಕಳು. ದಿನಾ ಹೊಸಪೇಟೆಯಿಂದ ಹೋಗಿ ಬರುತ್ತೇನೆ. ವಯಸ್ಸು ಐವತ್ತೊಂದು. ಮದುವೆ ಅನ್ನುವುದು ನಮ್ಮ ಬಾಗಿಲಿಗೆ ಎರಡು ಸಲ ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, 'ತಿಳಸ್ತೀವಿ' ಅಂತ ಹೇಳಿ ಹೋಯಿತು. ಇನ್ನೂ ತಿಳಿಸಿಲ್ಲ. ಆದ್ದರಿಂದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.

ಸಣ್ಣ ಮಕ್ಕಳಿಗೆ ಮಾತು ಕಲಿಸುವುದೆಂದರೆ ನನಗೆ ಮೊದಲಿನಿಂದ ಭಾಳ ಹುರುಪು. ಮೊದಲ ನೌಕರಿ ಸಂಡೂರಿನ ಕಡೆ ಒಂದು ಹಳ್ಳಿಯಲ್ಲಿ. ಅಲ್ಲಿ ಬೆಳಿಗ್ಗೆ ತೆಗೆದ ಬಿಳಿ ಸೀಮೆಸುಣ್ಣ ಸಂಜೆಯೊಳಗೆ ಕೆಂಪಾಗಿರುತ್ತಿತ್ತು, ಅದಿರಿನ ಧೂಳು ಅಂಥದು. 'ಬಿಳಿ' ಅಂತ ಕಲಿಸಲು ತೋರಿಸುವುದಕ್ಕೆ ಏನೂ ಸಿಗದೆ ನನ್ನ ಹಲ್ಲು ತೋರಿಸಿದ್ದೆ. ಒಂದು ಹುಡುಗಿ ಹತ್ತಿರ ಬಂದು ನೋಡಿ, "ಹಳದಿ ಅದಾವ್ರಿ" ಅಂದಳು.

ಆಮೇಲೆ ಚೀಲದ ಆಟ ಕಲಿತೆ. ಬಟ್ಟೆಯ ಚೀಲದಲ್ಲಿ ಬದನೆಕಾಯಿ, ಬೀಗ, ಬಾಚಣಿಗೆ, ಹುಣಸೆಹಣ್ಣು ಹಾಕಿರುವುದು, ಮಗು ಕಣ್ಣು ಮುಚ್ಚಿ ಕೈ ಹಾಕಿ ಮುಟ್ಟಿ, ಅದು ಹೇಗಿದೆ ಅಂತ ಹೇಳುವುದು. ನುಣುಪು, ತಣ್ಣಗೆ, ಚೂಪು, ಅಂಟು. ಹೆಸರಿಗಿಂತ ಮೊದಲು ಗುಣ ಬರಬೇಕು. ಹುಣಸೆಹಣ್ಣು ಮುಟ್ಟಿದವನೊಬ್ಬ "ಇಲಿ!" ಅಂತ ಕಿರುಚಿ ಚೀಲ ಎಸೆದ. ಇಡೀ ಕೋಣೆ ಹೊರಗೆ ಓಡಿತು. ಮೊದಲು ಓಡಿದವಳು ನಾನು.

ಇನ್ನೊಂದು ವರ್ಷ ಹೆಸರು ಅಂಟಿಸುವ ಆಟ. ಬಾಗಿಲಿಗೆ 'ಬಾಗಿಲು', ಕಿಟಕಿಗೆ 'ಕಿಟಕಿ', ನೀರಿನ ಹಂಡೆಗೆ 'ಹಂಡೆ'. ಕಾಣುವುದಕ್ಕೆಲ್ಲ ಮಕ್ಕಳೇ ಚೀಟಿ ಅಂಟಿಸಿದರು. ಆ ಸಂಜೆ ಬಸ್ಸು ಹತ್ತಿ ಆಧಾರ್ ಕಾರ್ಡಿಗೆ ಪರ್ಸು ತಡಕಾಡುತ್ತಿದ್ದೆ. ಕಂಡಕ್ಟರ್ ನಕ್ಕು, "ಮೇಡಂ, ಬೆನ್ನ ಮ್ಯಾಲಿನ ಕಾರ್ಡು ನಡ್ಯಂಗಿಲ್ರಿ, ಫೋಟೋ ಇದ್ದದ್ದು ತೋರಸ್ರಿ" ಅಂದ. ಕೈ ಹಿಂದೆ ಮಾಡಿ ಕಿತ್ತು ನೋಡಿದರೆ, 'ಟೀಚರ್'. ನಾನೂ ನಕ್ಕೆ. ಇಳಿದು ಮನೆಗೆ ನಡೆಯುವಾಗ ಅನ್ನಿಸಿತು, ಅವನು ಹೇಳದಿದ್ದರೆ ಆ ಚೀಟಿ ಬೆಳಗಿನವರೆಗೂ ಅಲ್ಲೇ ಇರುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಬೆನ್ನು ನೋಡುವವರು ಯಾರಿದ್ದಾರೆ?

ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗ, ಹೆಸರು ಗೊತ್ತಿಲ್ಲದ ಒಂದು ವಸ್ತು ಹುಡುಕಬೇಕು ಅಂತ ಹೇಳಿದ್ದೆ. ಹಂಪಿ ಬಜಾರಿನಲ್ಲಿ ಒಬ್ಬ ಬಂಡೆ ತೋರಿಸಿ "ಇದೇನ್ರಿ?" ಅಂದ. ಕಲ್ಲು, ಅಂದೆ. ಮತ್ತೊಂದು ತೋರಿಸಿದ. ಅದೂ ಕಲ್ಲೇ. ಸುತ್ತ ಒಂದು ಸಲ ಕಣ್ಣಾಡಿಸಿ, "ಇಷ್ಟಕ್ಕೂ ಒಂದ ಹೆಸರೇನ್ರಿ? ಕರದ್ರ ಯಾವ್ದು ಓ ಅಂತೈತಿ?" ಅಂದ.

ಇರಲಿ. ಚೀಟಿಯ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಶಾಲೆ ಶುರುವಾದಾಗ 'ಮನೆ ಮಾತು' ಅಂತ ಒಂದು ಆಟ ಹೂಡಿದೆ. ಪ್ರತಿ ಮಗುವೂ ಹಿಂದಿನ ಸಂಜೆ ತನ್ನ ಮನೆಯಲ್ಲಿ ಯಾರೋ ಆಡಿದ ಒಂದು ಮಾತನ್ನು ನೆನಪಿಟ್ಟುಕೊಂಡು ಬರಬೇಕು. ಯಾರು ಹೇಳಿದರು ಅಂತಲೂ ಹೇಳಬೇಕು. ನಾನು ಅದನ್ನು ಚೀಟಿಯಲ್ಲಿ ಬರೆದು, ಅರ್ಥ ಬಿಡಿಸಿ, ಮೊದಲು ನಾನೊಂದು ವಾಕ್ಯ ಮಾಡುತ್ತೇನೆ. ಆಮೇಲೆ ಮಕ್ಕಳು ಮಾಡುತ್ತಾರೆ. ಆಮೇಲೆ ಚೀಟಿ ಉಪ್ಪಿನಕಾಯಿ ಜಾಡಿಗೆ ಬೀಳುತ್ತದೆ. ಪುಸ್ತಕದ ಮಾತು ನಡೆಯುವುದಿಲ್ಲ, ಟಿವಿಯ ಮಾತೂ ನಡೆಯುವುದಿಲ್ಲ. ಮನೆಯವರ ಬಾಯಿಂದಲೇ ಬಂದಿರಬೇಕು.

ಮೊದಲ ವಾರ ಎಲ್ಲರೂ 'ಡ್ಯೂಟಿ' ತಂದರು. ಕಾರ್ಖಾನೆ ಊರು, ಮತ್ತೇನು ತಂದಾರು? ಎರಡನೆಯ ವಾರ 'ಓಟಿ', 'ಶಿಫ್ಟು', 'ಗೇಟ್‌ಪಾಸು'. ಒಬ್ಬ ತಂದ ಮಾತನ್ನು ಇಲ್ಲಿ ಬರೆಯಲಾರೆ. ಅವರಪ್ಪ ಟಿವಿ ರಿಮೋಟಿಗೆ ಅಂದದ್ದಂತೆ. ನಿಧಾನವಾಗಿ ಒಳ್ಳೆಯ ಮಾತುಗಳು ಬಂದವು. ತೆಲುಗು ಮನೆಯಿಂದ ಒಂದು, ಉರ್ದು ಮನೆಯಿಂದ ಒಂದು, 'ಚೌಕಾಸಿ', 'ಉಸಾಬರಿ', 'ಮುನಿಸು'. ಯಾರ ಮನೆಯಲ್ಲಿ ಜಗಳವಾಗಿದೆ, ಯಾರ ಮನೆಗೆ ಅತ್ತೆ ಬಂದಿದ್ದಾರೆ, ಎಲ್ಲ ನನಗೆ ಹತ್ತು ಗಂಟೆಯೊಳಗೆ ಗೊತ್ತಾಗುತ್ತಿತ್ತು.

ಒಂದು ದಿನ ಹುಲಿಗಿ ಎದ್ದು ನಿಂತಳು. ಎರಡನೆಯ ಇಯತ್ತೆಯ ಹುಡುಗಿ, ಪೂರ್ತಿ ಹೆಸರು ಹುಲಿಗೆಮ್ಮ. ನಿಯಮ ಅಂದರೆ ನಿಯಮ ಅನ್ನುವ ಜಾತಿ.

"ಟೀಚರ್, ನಿಮ್ದು?"

"ನಂದೇನವ್ವ?"

"ನಿಮ್ಮನಿ ಮಾತು. ನಮ್ದೆಲ್ಲಾ ಕೇಳ್ತೀರಿ, ನಿಮ್ದು ಹೇಳಂಗ ಇಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಹಿಂದಿನ ಸಂಜೆಯನ್ನು ಬಾಗಿಲಿನಿಂದ ಹಾಸಿಗೆಯವರೆಗೆ ಹುಡುಕಿದೆ. ಬೀಗ ತೆಗೆದೆ. ಅಕ್ಕಿ ತೊಳೆದೆ. ಕುಕ್ಕರ್ ಮೂರು ಸಲ ಕೂಗಿತು. ಫೋನಿನಲ್ಲಿ ಯಾವುದೋ ಯಂತ್ರದ ಹೆಂಗಸು ಒಂದು ಒತ್ತಿ, ಎರಡು ಒತ್ತಿ ಅಂದಳು. ಸೌಟು ಸುಟ್ಟಾಗ ನಾನೇ "ಅಯ್ಯ" ಅಂದೆ. ನಮ್ಮ ಮನೆಯಲ್ಲಿ ಆ ಸಂಜೆ ಆಡಿದ ಮಾತು ಅದೊಂದೇ. 'ಅಯ್ಯ' ಅಂತ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಟೀಚರು ನೋಡಿ, 'ತಾಳ್ಮೆ' ಅಂದೆ.

"ಯಾರಂದ್ರು?" ಅಂದಳು ಹುಲಿಗಿ.

"ಹಂಗ ಒಂದು ಮಾತು."

"ಬುಕ್ಕಿಂದು ಅದು. ನಡ್ಯಂಗಿಲ್ಲ. ನಿಮ್ಮನ್ಯಾಗ ಯಾರೂ ಮಾತಾಡಂಗಿಲ್ಲೇನ್ರಿ?"

ಅವಳು ಹಂಗಿಸಲಿಲ್ಲ, ನಿಜವಾಗಿಯೇ ಕೇಳಿದಳು. ಅದಕ್ಕೇ ನನಗೆ ತಡೆಯಲಾಗಲಿಲ್ಲ. "ಯಾಕಿಲ್ಲ? ನಮ್ಮ ದೊಡ್ಡವ್ವ ಅದಾಳಲ್ಲ! ನಿನ್ನೆ 'ಸಿಂಬಿ' ಅಂದ್ಲು" ಅಂದುಬಿಟ್ಟೆ.

ದೊಡ್ಡವ್ವ ಸತ್ತು ಇಪ್ಪತ್ತೊಂದು ವರ್ಷವಾಗಿತ್ತು.

ಸಿಂಬಿ ಅಂದರೆ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುತ್ತು. ನನ್ನ ವೇಲು ಸುತ್ತಿ, ಮಕ್ಕಳ ತಲೆಯ ಮೇಲಿಟ್ಟು, ಅದರ ಮೇಲೆ ನೀರಿನ ತಂಬಿಗೆ ಇಟ್ಟು ನಡೆಸಿದೆ. ಹತ್ತು ಜನ ತೊಯ್ದರು. ಆ ದಿನ ಆ ಮಾತು ಮರೆತವರು ಯಾರೂ ಇಲ್ಲ. ಮರುದಿನ ಬಾಗಿಲಲ್ಲೇ ನಿಂತಿದ್ದರು. "ನಿಮ್ ದೊಡ್ಡವ್ವ ನಿನ್ನಿ ಏನಂದ್ರು?"

ಹೀಗೆ ಶುರುವಾಯಿತು. ದೊಡ್ಡವ್ವ ದಿನಾ ಒಂದು ಮಾತು ಅನ್ನತೊಡಗಿದಳು. ನಿಜ ಹೇಳಬೇಕೆಂದರೆ ಸಂಜೆಗಳು ಆಗ ಸ್ವಲ್ಪ ಬೇರೆಯಾದವು. ಬಸ್ಸಿಳಿದು ಮನೆಗೆ ಬರುವಾಗಲೇ ಇವತ್ತು ಅವಳಿಂದ ಏನು ಕೇಳಲಿ ಅಂತ ಯೋಚನೆ. ಚಹಾ ಹಿಡಿದು ಕೂತರೆ ಕಂಪ್ಲಿಯ ಆ ಮನೆಯ ಬಾಗಿಲು ತೆಗೆಯುತ್ತಿತ್ತು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ದೊಡ್ಡವ್ವನೇ. ಜಂತಿಯಿಂದ ಹಗ್ಗದ ನೆಲವು ತೂಗುತ್ತಿತ್ತು, ಅದರಲ್ಲಿ ಹಾಲಿನ ಗಡಿಗೆ. ಕೆಳಗೆ ನಮ್ಮ ಬೆಕ್ಕು ಮೇಲೆ ನೋಡುತ್ತ ದಿನವಿಡೀ ಕೂತಿರುತ್ತಿತ್ತು. "ಸಾಲಿಗಿ ಹೋದ್ರ ಇಷ್ಟೊತ್ತಿಗೆ ಮಾಸ್ತರ ಆಗತಿತ್ತು, ಅಷ್ಟು ಧ್ಯಾನ ಐತಿ ಅದಕ್ಕ" ಅನ್ನುತ್ತಿದ್ದಳು. ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿಯ ಸೇತುವೆ ಮುಳುಗಿದಾಗ ಊರೆಲ್ಲ ನೋಡಲು ಹೋಗುತ್ತಿತ್ತು. ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು, ಹೊಳೆಗೆ, "ಇಷ್ಟು ದೌಲತ್ತು ಬ್ಯಾಡವ್ವ, ಬ್ಯಾಸಿಗ್ಯಾಗ ನಿನ್ನ ಎದಿ ಮ್ಯಾಲ ದನ ಮೇಯ್ದಿದ್ದು ನೋಡೀನಿ" ಅಂದಿದ್ದಳು. 'ನೆಲವು' ಚೀಟಿಯಾಯಿತು, ಜಾಡಿ ತಪ್ಪಿಸಿ ಕೊಡೆಯೊಳಗೆ ಸೇರಿದ್ದು ಅದೇ. 'ದೌಲತ್ತು' ಆಯಿತು. 'ಹಗೇವು' ಆಯಿತು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಗೋಡೆಯ 'ಮಾಡ' ಆಯಿತು, ದೀಪ ಇಡುವುದಕ್ಕೆ. ಮಾತುಗಳೇನೂ ಸುಳ್ಳಲ್ಲ, 'ನಿನ್ನೆ' ಅನ್ನುವುದೊಂದೇ ಸುಳ್ಳು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆದರೆ ಇಡೀ ದಿನದಲ್ಲಿ ನನ್ನ ಜೊತೆ ಮಾತಾಡುವವರು ಅಂದರೆ ಆ ಇಪ್ಪತ್ಮೂರು ಮಂದಿ. ಅವರಿಗೆ ಟೀಚರು ಸುಳ್ಳಿ ಅಂತ ಗೊತ್ತಾದರೆ ನನಗೆ ಉಳಿಯುವುದೇನು? ನಾಳೆ ಹೇಳೋಣ, ನಾಳೆ ದೊಡ್ಡವ್ವನನ್ನು ಊರಿಗೆ ಕಳಿಸೋಣ ಅಂತ ಮುಂದೂಡಿದೆ.

ಅಷ್ಟರಲ್ಲಿ ಹುಲಿಗಿಯ ಅಜ್ಜಿ ನಡುವೆ ಬಂದಳು. ಹೆಸರು ಪಂಪಮ್ಮ. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಅವನ ಸಂಸಾರದ ಜೊತೆ ಇಲ್ಲಿಗೆ ಬಂದವಳು. ಮನೆ ತುಂಬ ಜನ, ಆದರೆ ಅವಳ ಹಳೆಯ ಮಾತುಗಳು ಯಾರಿಗೂ ತಿಳಿಯುವುದಿಲ್ಲ, ನಗುತ್ತಾರಂತೆ. ಮೊಮ್ಮಗಳು ಒಂದು ಸಂಜೆ 'ನೆಲವು' ಅಂದದ್ದೇ ತಡ, ಮುದುಕಿ ಎದ್ದು ಕೂತಿದ್ದಾಳೆ. ಅವಳ ತವರು ಕಂಪ್ಲಿಯ ಹತ್ತಿರದ ಹಳ್ಳಿ.

"ಟೀಚರ್, ನಮ್ಮಜ್ಜಿ ಕೇಳ್ಯಾಳ್ರಿ, ನಿಮ್ ದೊಡ್ಡವ್ವರ ಮನಿ ಹಗೇವು ಒಳಗಿತ್ತಾ ಹೊರಗಿತ್ತಾ ಅಂತ."

"ಮನಿ ಮುಂದ ಇತ್ತು ಅಂತ ಹೇಳವ್ವ."

ಮರುದಿನ ಮತ್ತೊಂದು ಪ್ರಶ್ನೆ. ಅದರ ಮರುದಿನ ಗುರೆಳ್ಳು ಚಟ್ನಿಪುಡಿಯ ಪೊಟ್ಟಣ. "ನಿಮ್ ದೊಡ್ಡವ್ವಗ ಕೊಟ್ಟಾಳ್ರಿ ನಮ್ಮಜ್ಜಿ. ನೀವು ತಿನ್ನಬಾರ್ದಂತ."

ನಾನೇ ತಿಂದೆ. ಬಿಸಿ ರೊಟ್ಟಿ, ಎಣ್ಣೆ, ಚಟ್ನಿಪುಡಿ, ಒಂದು ವಾರ. ಇಷ್ಟೂ ಸಾಲದು ಅಂತ, ದೊಡ್ಡವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ ಅದನ್ನೇ ಹೇಳಿ ಕಳಿಸಿದೆ. "ಉಪ್ಪು ಒಂಚೂರು ಕಮ್ಮಿ ಆಗೈತಿ ಅಂದ್ಲು ಅಂತ ಹೇಳು."

ಮುದುಕಿ ಸಿಟ್ಟಾಗುತ್ತಾಳೆ, ಇಲ್ಲಿಗೆ ಮುಗಿಯುತ್ತದೆ ಅಂತ ಎಣಿಸಿದ್ದೆ. ಹುಲಿಗಿ ತಂದ ಉತ್ತರ ಬೇರೆ ಇತ್ತು. "ನಮ್ಮಜ್ಜಿ ಭಾಳ ನಕ್ಕಳ್ರಿ. ಅಕಿ ನಮ್ಮೂರ ಕಡ್ಯಾಕಿನ, ಬ್ಯಾರೇದಾರಾಗಿದ್ರ ಚಲೋ ಐತಿ ಅಂತಿದ್ರು ಅಂದ್ಲು. ಶನಿವಾರ ನಿಮ್ಮನಿಗೆ ಬರ್ತಾಳಂತ."

ಶನಿವಾರ ಬೆಳಗಿನ ಶಾಲೆ. ಬಿಡುವ ಹೊತ್ತಿಗೆ ಪಂಪಮ್ಮ ಗೇಟಿನ ಹತ್ತಿರ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಒಂದು ಚೀಲ. ಮಕ್ಕಳೆಲ್ಲ ಸುತ್ತ ನಿಂತಿದ್ದರು. ಅವರ ಮುಂದೆ ಹೇಗೆ ಹೇಳಲಿ? ಬಸ್ಸಿನಲ್ಲಿ ಹೇಳಿದರಾಯಿತು ಅಂದುಕೊಂಡು ಹತ್ತಿಸಿಕೊಂಡೆ.

"ಕಣ್ಣು ಕಾಣ್ತಾವೇನವ್ವ ಅಕಿಗೆ?"

"ಹ್ಞೂಂ..."

"ಕಿವಿ?"

"ಅಜ್ಜಿ, ನಾ ಒಂದು ಮಾತು..."

"ತಡಿ, ನಾ ಮೊದ್ಲ ಹೇಳ್ತೀನಿ, ಆಮ್ಯಾಲ ಮರತಬಿಡ್ತೀನಿ. ಹೊಳಿ ದಂಡಿ ಬಾಳಿ ತ್ವಾಟ ನೆನಪೈತೇನು ಅಕಿಗೆ ಅಂತ ಕೇಳ್ಬೇಕು. ತಿಂಗಳಾತು ನೋಡವ್ವ, ಕೇಳೋದೆಲ್ಲಾ ಒಂದೊಂದ ಕೂಡಿಟ್ಟೀನಿ."

ಹೊಸಪೇಟೆ ಬರುವವರೆಗೆ ಆಕೆ ಮಾತು ನಿಲ್ಲಿಸಲಿಲ್ಲ, ನಾನು ಶುರು ಮಾಡಲಿಲ್ಲ. ಇಳಿದ ಮೇಲೆ ಬಂಡಿಯವನ ಹತ್ತಿರ ನಿಂತು ಸುಗಂಧಿ ಬಾಳೆಹಣ್ಣು ಒತ್ತಿ ಒತ್ತಿ ನೋಡಿದಳು. "ಮೆತ್ತನ್ನವು ಕೊಡಪ್ಪ, ಹಲ್ಲಿಲ್ಲದಾಕಿ ತಿನ್ನಬೇಕು" ಅಂದಳು. ಆಗಲಾದರೂ ಹೇಳಬಹುದಿತ್ತು. ಹಣ್ಣಿನ ಚೀಲ ಹಿಡಿದುಕೊಂಡು ಮುಂದೆ ಮುಂದೆ ನಡೆದೆ.

ಬಾಗಿಲಿಗೆ ಬಂದು ಕೀಲಿ ತೆಗೆಯಲು ಕೈ ಹಾಕಿದೆ. ಪಂಪಮ್ಮ ಹಿಂದೆ ನಿಂತವಳು ಗಾಬರಿಯಾಗಿ, "ಯವ್ವಾ! ಒಳಗ ಮುದುಕೀನ್ನ ಬಿಟ್ಟು ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತೀಯೇನ?" ಅಂದಳು.

ಬಾಗಿಲು ತೆರೆದೆ. ಆಕೆ ಒಳಗೆ ಬಂದು ಎರಡು ಕೋಣೆಯನ್ನೂ ಬಗ್ಗಿ ನೋಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ್ದ ಒಂದು ಗಂಗಾಳ, ಒಂದು ಲೋಟ ನೋಡಿದಳು. ಆಮೇಲೆ ಗೋಡೆಗೆ ಆತು ನೆಲದ ಮೇಲೆ ಕೂತಳು. ನಾನೂ ಎದುರಿಗೆ ಕೂತೆ. ಹೇಳಿದೆ, ಒಂದೂ ಬಿಡದೆ. ಚಟ್ನಿಪುಡಿಯದನ್ನೂ.

ಬೈಯಲಿಲ್ಲ ಆಕೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕೈಯಲ್ಲಿದ್ದ ಚೀಲ ನೆಲಕ್ಕಿಟ್ಟು, "ಹಂಗಾರ ನಾ ಕೂಡಿಟ್ಟಿದ್ದು ಯಾರಿಗೆ ಹೇಳ್ಲಿ?" ಅಂದಳು.

"ನನಗ ಹೇಳ್ರಿ ಅಜ್ಜಿ. ನನಗ ಆ ಮಾತೆಲ್ಲಾ ಗೊತ್ತು."

ನನ್ನನ್ನು ಒಂದು ಸಲ ನೋಡಿದಳು. "ನೀ ಸಾಲಿ ಕಲ್ತಾಕಿ. ನಿನಗ ಅವುಗಳ ಅರ್ಥ ಗೊತ್ತೈತಿ, ಅಷ್ಟ."

ಚಹಾ ಕುಡಿದಳು. ಹಣ್ಣಿನ ಗೊನೆಯಿಂದ ಮೂರು ಮುರಿದು ನನ್ನ ಮುಂದಿಟ್ಟು, ಉಳಿದದ್ದನ್ನು ಮೊಮ್ಮಕ್ಕಳಿಗೆ ಅಂತ ತಿರುಗಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನವರೆಗೆ ಬಿಡಲು ಹೋದೆ.

"ಸೋಮವಾರ ಹುಡುಗರಿಗೆ ನಾನ ಹೇಳ್ತೀನ್ರಿ" ಅಂದೆ.

"ಹೇಳು. ನಾ ಹೇಳಂಗಿಲ್ಲ. ಹುಲಿಗಿ ಕೇಳಿದ್ರ ದೊಡ್ಡವ್ವ ಮನ್ಯಾಗಿದ್ದಿಲ್ಲ ಅಂತೀನಿ. ಸುಳ್ಳೂ ಅಲ್ಲ ಅದು." ಬಸ್ಸು ಹೊರಡುವಾಗ ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಭಾನುವಾರ ಒಂದೇ ಕೆಲಸ, ಹೇಗೆ ಹೇಳುವುದು ಅಂತ ಕನ್ನಡಿಯ ಮುಂದೆ ನಿಂತು ತಾಲೀಮು. 'ಮಕ್ಕಳೇ, ಒಂದಾನೊಂದು ಕಾಲದಲ್ಲಿ' ಅಂತ ಶುರುಮಾಡಿದರೆ ಕಥೆಯಾಗುತ್ತದೆ. 'ನಿಮಗೊಂದು ಮಾತು ಹೇಳಬೇಕು' ಅಂದರೆ ಹೆದರುತ್ತಾರೆ. ಮೂರು ಬಾಳೆಹಣ್ಣೂ ತಿಂದೆ, ದಾರಿ ಸಿಗಲಿಲ್ಲ.

ಸೋಮವಾರ ಹಾಜರಿ ಆಯಿತು. ಮನೆ ಮಾತು ಶುರುವಾಯಿತು. ನನ್ನ ಸರದಿ ಕೊನೆಗೆ, ಅಷ್ಟರೊಳಗೆ ಧೈರ್ಯ ಬರುತ್ತದೆ ಅಂದುಕೊಂಡೆ. ನಾಲ್ಕನೆಯವಳು ಹುಲಿಗಿ.

"'ಒಬ್ಬಂಟಿ' ರೀ."

"ಯಾರಂದ್ರವ್ವ?"

"ನಮ್ಮಜ್ಜಿ. ಉಣ್ಣಾಕ ಕುಂತಾಗ ಅಂದ್ಲು. 'ಒಬ್ಬಂಟಿ ಐತವ್ವ ಪಾಪ, ಉಪ್ಪು ಕಮ್ಮಿ ಅನ್ನಾಕೂ ಯಾರಿಲ್ಲ' ಅಂತ. ನಾ ನಮ್ಮ ಕೋಳಿಗೇನ ಅನ್ಕೊಂಡೆ. ಅಂದ್ರೇನ್ರಿ ಅದು?"

ಬರೆದೆ. ಅರ್ಥ ಬಿಡಿಸಬೇಕು. ಜೊತೆಗೆ ಯಾರೂ ಇಲ್ಲದೆ ಇರೋರು, ಅಂದೆ. ಇನ್ನು ಮೊದಲ ವಾಕ್ಯ ನನ್ನದು, ಅದು ನಾನೇ ಮಾಡಿದ ನಿಯಮ. ಕಾಡಿನಲ್ಲಿ ಆನೆ ಒಬ್ಬಂಟಿಯಾಗಿತ್ತು ಅನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

"ನಾನು ಒಬ್ಬಂಟಿ" ಅಂದೆ.

ಹುಲಿಗಿಗೆ ಸರಿಬರಲಿಲ್ಲ. "ತಪ್ಪು ರೀ. ನಿಮ್ ದೊಡ್ಡವ್ವ ಅದಾರಲ್ಲ."

"ಇಲ್ಲವ್ವ. ದೊಡ್ಡವ್ವ ಸತ್ತು ಭಾಳ ವರ್ಷ ಆತು. ಅದಾಳ ಅಂತ ನಿಮಗ ನಾ ಸುಳ್ಳು ಹೇಳಿದ್ದೆ. ನಂದು ತಪ್ಪಾತು."

ಹೊರಗೆ ಅದಿರಿನ ಲಾರಿಯೊಂದು ಹಾದು ಹೋಯಿತು. ಹುಲಿಗಿ ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದಳು.

"ಹಂಗಾರ ಚಟ್ನಿ ಯಾರು ತಿಂದ್ರು?"

"ನಾನ."

"ಎಲ್ಲಾ?"

"ಎಲ್ಲಾ."

ಒಬ್ಬ ಕಿಸಕ್ಕನೆ ನಕ್ಕ, ಉಳಿದವರೂ ನಕ್ಕರು. ಅವಳು ನಗಲಿಲ್ಲ. ಇನ್ನೊಂದು ಸಲ ನನ್ನನ್ನು ನೋಡಿದಳು, ಶನಿವಾರ ಅವರಜ್ಜಿ ನೋಡಿದ ಹಾಗೆಯೇ. ಆಮೇಲೆ ಕೈಕಟ್ಟಿ ನೆಟ್ಟಗೆ ನಿಂತು, ಆಟ ಮುಂದುವರಿಸಿದಳು.

"ನಮ್ಮ ಟೀಚರ್ ಒಬ್ಬಂಟಿ."

ಸಣ್ಣ ಮಕ್ಕಳು ವಾಕ್ಯ ಮಾಡುವುದನ್ನು ನೀವು ನೋಡಿರುತ್ತೀರಿ. ಮೊದಲನೆಯವರು ಹೇಳಿದ್ದನ್ನೇ ಎರಡನೆಯವರು, ಎರಡನೆಯವರದನ್ನೇ ಮೂರನೆಯವರು. ನಾನೂ ದಿನಾ, ಬೇರೆ ಹೇಳ್ರೋ ಅಂತ ಗದರುವವಳು. ಆ ದಿನ ಗದರಲಿಲ್ಲ. ಪಕ್ಕದವನು ಎದ್ದು, "ನಮ್ಮ ಟೀಚರ್ ಒಬ್ಬಂಟಿ" ಅಂದ. ಅವನ ಪಕ್ಕದವಳು ಅಂದಳು. ಒಬ್ಬಳು ಮೂಗು ಒರೆಸಿಕೊಳ್ಳುತ್ತ ಅಂದಳು, ಒಬ್ಬ ಕಿಟಕಿ ನೋಡುತ್ತ ಅಂದ. ಹಿಂದಿನ ಸಾಲಿನವನು ಮರೆತು ಪಕ್ಕದವನನ್ನು ಕೇಳಿಕೊಂಡು ಅಂದ. ಅಕ್ಷರವೇ ಬಾರದ ಒಂದನೆಯ ಇಯತ್ತೆಯವರೂ ಸ್ಪಷ್ಟವಾಗಿ, ತಡವರಿಸದೆ ಅಂದರು.

ವಾಕ್ಯ ತಪ್ಪಿಲ್ಲದಿದ್ದರೆ ಟೀಚರು 'ಸರಿ' ಅನ್ನಬೇಕು. ಇಪ್ಪತ್ಮೂರು ಸಲ ಅಂದೆ.